ಓಲೆಯ ವೇಷದಲ್ಲಿ ವಂಚನೆ

2000ನೆಯ ಇಸವಿಯ ಮೇ 4ರಂದು ಜಗತ್ತಿನ ಲಕ್ಷಾಂತರ ಗಣಕಯಂತ್ರಗಳಿಗೆ ಪ್ರೇಮಪತ್ರವೊಂದು ಬಂದಿತು. ‘ಐ ಲವ್ ಯು’ ಎಂಬುದು ಅದರ ಶೀರ್ಷಿಕೆ. ಹೊರಟದ್ದು ಕಥೋಲಿಕರೇ ಬಹುಸಂಖ್ಯಾತರಾಗಿರುವ ಫಿಲಿಪ್ಪೀನ್ಸ್ ದೇಶದ ಮನಿಲಾ ನಗರದಿಂದ. ಆದರೆ ಓದುಗರಿಗೆ ಅದು ತಮ್ಮ ಗೆಳೆಯರ, ಸಹೋದ್ಯೋಗಿಗಳ ವಿಳಾಸದಿಂದಲೇ ಬಂದಿತ್ತು. ಲಗತ್ತನ್ನು ತೆರೆದವರ ಯಂತ್ರದಲ್ಲಿದ್ದ ಚಿತ್ರಗಳು ನಾಶವಾದವು. ಅವರ ವಿಳಾಸಪಟ್ಟಿಯಲ್ಲಿದ್ದವರಿಗೆಲ್ಲ ಅದೇ ಪತ್ರ ಅವರ ಹೆಸರಿನಲ್ಲೇ ರವಾನೆಯಾಯಿತು.

ಗುಟ್ಟು ಇದ್ದದ್ದು ಲಗತ್ತಿನ ಹೆಸರಿನಲ್ಲಿ. ಫೈಲಿನ ಹೆಸರಿನಲ್ಲಿ ಕೊನೆಯ ಚುಕ್ಕೆಯ ನಂತರ ಬರುವ ಅಕ್ಷರಗಳು ಅದು ಎಂತಹ ಫೈಲು ಎಂಬುದನ್ನು ತಿಳಿಸುತ್ತವೆ. ಆ ಲಗತ್ತಿನಲ್ಲಿ ಮೊದಲು ‘ಟಿಎಕ್ಸ್‌ಟಿ’ ಎಂದಿತ್ತು. ಎಂದರೆ ಬರಿಯ ಬರಹ. ಅದರ ಬೆನ್ನಿಗೆ ಇನ್ನೊಂದು ಚುಕ್ಕೆ ಮತ್ತು ‘ವಿಬಿಎಸ್’. ಎಂದರೆ ಯಂತ್ರಕ್ಕೆ ಆಜ್ಞೆ ನೀಡುವ ಪ್ರೋಗ್ರಾಂ. ವಿಂಡೋಸ್ ಈ ಕೊನೆಯ ಅಕ್ಷರಗಳನ್ನು ಮರೆಮಾಡಿದ್ದರಿಂದ ಜನರಿಗೆ ಕಂಡದ್ದು ಬರಹ. ಅವರು ತೆರೆದದ್ದು ಪ್ರೋಗ್ರಾಂ. ಆ ಅಕ್ಷರಗಳು ಕಾಣುವಂತೆ ಮಾಡಲು ಮನೆಯ ಯುವಜನರಿಗೆ ಒಂದು ನಿಮಿಷ ಸಾಕು.

ಮನುಷ್ಯನು ಕೆಡುಕನ್ನು ಕೆಡುಕೆಂದೇ ಬಯಸುವುದಿಲ್ಲ, ಅದು ಒಳಿತಿನ ರೂಪದಲ್ಲಿ ಕಂಡಾಗಲೇ ಅದಕ್ಕೆ ಒಲಿಯುತ್ತಾನೆ ಎಂಬುದು ಸಂತ ತೋಮಸ್ ಅಕ್ವಿನಾಸರ ಬೋಧನೆ. ವಂಚಕನಿಗೆ ಇದು ಓದದೆಯೂ ಗೊತ್ತು. ಅಂದು ಪ್ರೇಮದ ವೇಷ. ಇಂದು ನಮ್ಮ ಮೊಬೈಲಿಗೆ ಬರುವುದು ಮದುವೆಯ ಕರೆಯೋಲೆಯ ವೇಷ. ಕರೆಯೋಲೆ ಸಾಮಾನ್ಯವಾಗಿ ಚಿತ್ರವಾಗಿರುತ್ತದೆ ಅಥವಾ ‘ಪಿಡಿಎಫ್’ ಆಗಿರುತ್ತದೆ. ಹೆಸರಿನ ಕೊನೆಯಲ್ಲಿ ‘ಎಪಿಕೆ’ ಎಂದಿದ್ದರೆ ಅದು ಓಲೆಯಲ್ಲ, ಫೋನಿನೊಳಗೆ ನೆಲೆಯೂರುವ ಆ್ಯಪ್. ಎಸ್ಸೆಮ್ಮೆಸ್ ಓದಲು ಅನುಮತಿ ಪಡೆದು ಬ್ಯಾಂಕಿನ ಒಟಿಪಿಯನ್ನೇ ಅದು ಕದಿಯಬಲ್ಲದು. ಗಣಕಯಂತ್ರದಲ್ಲಿ ‘ಪಿಡಿಎಫ್’ ಬೆನ್ನಿಗೆ ‘ಇಎಕ್ಸ್‌ಇ’ ಎಂದಿದ್ದರೂ ಅದನ್ನು ತೆರೆಯಬಾರದು.

ಮಕ್ಕಳು ಕೊಲ್ಲಿ ರಾಷ್ಟ್ರಗಳಲ್ಲಿ ದುಡಿದು ಕಳುಹಿಸಿದ ಉಳಿತಾಯ ಎಷ್ಟೋ ಮನೆಗಳಲ್ಲಿ ವೃದ್ಧ ತಂದೆತಾಯಿಯರ ಖಾತೆಯಲ್ಲಿದೆ. ಮೋಸಹೋದ ಹಿರಿಯರು ಮನೆಯವರು ಗದರಿಸುವರೆಂಬ ಅಂಜಿಕೆಯಿಂದ ಮೌನವಾಗಿ ಉಳಿದರೆ ನಷ್ಟ ಬೆಳೆಯುತ್ತದೆ. ತಡಮಾಡದೆ ಬ್ಯಾಂಕಿಗೂ 1930 ಸಂಖ್ಯೆಯ ಸೈಬರ್ ಅಪರಾಧ ಸಹಾಯವಾಣಿಗೂ ತಿಳಿಸಬೇಕು. ಹಿರಿಯರು ಧೈರ್ಯವಾಗಿ ಹೇಳಿಕೊಳ್ಳುವಂತಹ ವಾತಾವರಣವನ್ನು ಕುಟುಂಬವೇ ನಿರ್ಮಿಸಬೇಕು.

ಬಂಧುಗಳ ಪತ್ರವನ್ನು ಸಂದೇಹಿಸುವುದು ಪ್ರೀತಿಗೆ ಒಪ್ಪುವುದೇ ಎಂದು ಕೆಲವರು ಕೇಳಬಹುದು. ವಿವೇಕವೂ ನಾಲ್ಕು ಮೂಲಸದ್ಗುಣಗಳಲ್ಲಿ ಒಂದೆಂದು ಧರ್ಮಸಭೆ ಕಲಿಸುತ್ತದೆ. ಇಲ್ಲಿ ಅದು ಪ್ರೀತಿಯ ವಿರೋಧಿಯಲ್ಲ. ಲಗತ್ತನ್ನು ತೆರೆಯುವ ಮೊದಲು ಫೋನ್ ಮಾಡಿ, ‘ಇದನ್ನು ನೀವೇ ಕಳುಹಿಸಿದಿರಾ?’ ಎಂದು ಕೇಳೋಣ. ‘ಇಲ್ಲ’ ಎಂಬ ಉತ್ತರ ಬಂದರೆ ಉಳಿಯುವುದು ನಮ್ಮ ಹಣವಷ್ಟೇ ಅಲ್ಲ. ತಮ್ಮ ಹೆಸರಿನಲ್ಲಿ ವಂಚನೆ ನಡೆಯುತ್ತಿದೆ ಎಂಬ ಎಚ್ಚರಿಕೆ ಅವರಿಗೂ ಸಕಾಲದಲ್ಲಿ ಸಿಗುತ್ತದೆ.