ಹಾಸುಗಲ್ಲಿನ ಕೆಳಗಿನ ಎರೆಹುಳು

ಹಿತ್ತಿಲಿನಲ್ಲಿ ಚಪ್ಪಡಿ ಹಾಸಿ ಕೂರಲು ಅಂಗಳವನ್ನೂ, ಅಲ್ಲಿಂದ ಬಾಗಿಲವರೆಗೆ ನಡೆಯಲು ಕಾಲುದಾರಿಯನ್ನೂ ಮಾಡಿಸಿಕೊಂಡ ಗೃಹಸ್ಥರು, ನಾಲ್ಕಾರು ಮಳೆಗಾಲ ಕಳೆಯುವಷ್ಟರಲ್ಲಿ ಒಂದು ಕಲ್ಲು ತಗ್ಗಿ ಮತ್ತೊಂದು ಓರೆಯಾಗಿ ಸಂದುಗಳಲ್ಲೆಲ್ಲ ಹುಲ್ಲು ತಲೆಯೆತ್ತಿದುದನ್ನು ಕಂಡಾಗ, ಆ ಅಪರಾಧವನ್ನು ಗಾರೆಯವನ ಮೇಲೆ ಹೊರಿಸುವುದುಂಟು. ಇಲ್ಲವೆ ಕಲ್ಲು ತನ್ನ ಭಾರಕ್ಕೆ ತಾನೇ ಕುಸಿಯಿತೆಂದು ಭಾವಿಸುವುದುಂಟು. ಸಡಿಲವಾದ ಮಣ್ಣಿಗೂ ಇಂಗುವ ನೀರಿಗೂ ಇದರಲ್ಲಿ ಪಾಲಿರುವುದು ನಿಜ. ಆದರೆ ಕಣ್ಣಿಲ್ಲದ, ಕಿವಿಯಿಲ್ಲದ, ಕಾಲಿಲ್ಲದ ಒಂದು ಜೀವಿಯೂ ಈ ಕಾರ್ಯದಲ್ಲಿ ಸತತವಾಗಿ ನಿರತವಾಗಿದೆಯೆಂಬುದನ್ನು ಲೋಕಕ್ಕೆ ಪ್ರಮಾಣಸಹಿತವಾಗಿ ತೋರಿಸಿಕೊಟ್ಟವನು ಚಾರ್ಲ್ಸ್ ಡಾರ್ವಿನ್.

ಇಂಗ್ಲೆಂಡಿನ ಕೆಂಟ್ ಪ್ರಾಂತದ ಡೌನ್ ಗ್ರಾಮದಲ್ಲಿ ಅವನು 1842ರಲ್ಲಿ ನೆಲೆಸಿದನು. ಮರುವರ್ಷ ಅವನ ಮನೆಯ ಹುಲ್ಲುಹಾಸಿಗೆ ಅಡ್ಡಲಾಗಿ, ಚಿಕ್ಕ ಚಪ್ಪಡಿಗಳನ್ನು ನಿಲುವಾಗಿ ಹೂಳಿ ಕಿರಿದಾದ ದಾರಿಯೊಂದನ್ನು ಮಾಡಲಾಯಿತು. ಎರೆಹುಳುಗಳು ಸಂದುಗಳಿಂದ ಮಣ್ಣನ್ನು ಮೇಲಕ್ಕೆ ತಂದು ಹಾಕತೊಡಗಿದವು, ಕಳೆಯೂ ಬೆಳೆಯಿತು; ಹಲವು ವರ್ಷ ಕಿತ್ತು ಗುಡಿಸಿದ ತೋಟಗಾರನು ಕಡೆಗೆ ಸೋತು, ಹುಲ್ಲಿನೊಡನೆ ಕಳೆಯನ್ನೂ ಕತ್ತರಿಸುವುದಕ್ಕಷ್ಟೇ ತೃಪ್ತನಾದನು. ಕೆಲವು ವರ್ಷಗಳಲ್ಲಿ ಅಲ್ಲೊಂದು ದಾರಿಯಿತ್ತೆಂಬ ಗುರುತೂ ಉಳಿಯಲಿಲ್ಲ. 1877ರಲ್ಲಿ ಮೇಲಿನ ತೆಳುವಾದ ಹುಲ್ಲಿನ ಪದರವನ್ನು ತೆಗೆಸಿ ನೋಡಿದಾಗ, ಚಪ್ಪಡಿಗಳೆಲ್ಲವೂ ಇಟ್ಟ ಸ್ಥಾನದಲ್ಲೇ ಇದ್ದವು. ಅವುಗಳ ಮೇಲೆ ಒಂದಂಗುಲ ದಪ್ಪದ ನಯವಾದ ಮಣ್ಣು ಕೂತಿತ್ತು.

ಹುಳುವು ಕಲ್ಲನ್ನು ಕೆಳಕ್ಕೆ ಒತ್ತುವುದಿಲ್ಲ, ಒತ್ತುವ ಶಕ್ತಿಯೂ ಅದಕ್ಕಿಲ್ಲ. ಅದು ಮಣ್ಣನ್ನೂ ಕೊಳೆತ ಎಲೆಯನ್ನೂ ಒಟ್ಟಿಗೆ ನುಂಗುತ್ತದೆ. ಅದರ ದೇಹದೊಳಗೆ ದಪ್ಪನೆಯ ಸ್ನಾಯುವಿನ ಚೀಲವೊಂದಿದ್ದು, ನುಂಗಿದ ಮರಳಿನ ಕಣಗಳ ನಡುವೆ ಆಹಾರವು ಬೀಸುಕಲ್ಲಿಗೆ ಸಿಕ್ಕ ರಾಗಿಯಂತೆ ನುಣ್ಣಗಾಗುತ್ತದೆ. ಸಾರವನ್ನು ಹೀರಿದ ಮೇಲೆ, ರಾತ್ರಿಯ ತೇವದಲ್ಲಿ ಬಾಲವನ್ನು ಮುಂದುಮಾಡಿ ಬಿಲದ ಬಾಯಿಗೆ ಬಂದು, ಉಳಿದ ಮಣ್ಣನ್ನು ಹೊರಗೆ ಹಾಕುತ್ತದೆ. ಮಳೆ ಬಿದ್ದ ಮರುದಿನ ಮುಂಜಾನೆ ಚಪ್ಪಡಿಯ ಅಂಚಿನಲ್ಲಿ ಬಗ್ಗಿ ನೋಡಿದರೆ, ಸಣ್ಣ ಉಂಡೆಗಳು ಒಂದರ ಮೇಲೊಂದು ಸುರುಳಿಯಾಗಿ ಪೇರಿಕೊಂಡ ಈ ಹಿಕ್ಕೆಯ ಗುಡ್ಡೆಗಳು ಕಾಣಸಿಗುತ್ತವೆ. ಬೆರಳಿನಿಂದ ಒತ್ತಿದರೆ ಹಸಿಯಾಗಿದ್ದಾಗ ಬೆಣ್ಣೆಯಷ್ಟು ಮೆತ್ತಗೆ ಮುರಿಯುತ್ತವೆ. ಕಲ್ಲಿನ ಅಡಿಯಿಂದ ಹೊರಟ ಮಣ್ಣು ಹೀಗೆ ಅಂಚಿಗೆ ಬಂದು ಸೇರುವುದು, ಅಡಿಯಲ್ಲಿ ಟೊಳ್ಳಾದ ಬಿಲಗಳು ಕಾಲಕ್ರಮದಲ್ಲಿ ಕುಸಿಯುವುದು. ಕಲ್ಲು ಇಳಿಯುತ್ತದೆ, ಸುತ್ತಲಿನ ನೆಲ ಏರುತ್ತದೆ.

ಈ ವಿಷಯವನ್ನು ಕುರಿತು ಡಾರ್ವಿನ್ 1837ರಲ್ಲೇ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಪ್ರಬಂಧವನ್ನೋದಿದ್ದನು. ಗ್ರಂಥವು ಹೊರಬಂದುದು 1881ರಲ್ಲಿ, ಅವನ ಮರಣಕ್ಕೆ ಕೆಲವೇ ತಿಂಗಳ ಮುಂಚೆ. ಇಷ್ಟು ದೀರ್ಘಕಾಲ ಒಂದು ಹುಳುವಿನ ಮೇಲಿನ ಶ್ರದ್ಧೆಯನ್ನು ಕಳೆದುಕೊಳ್ಳದಿದ್ದ ಆ ತಾಳ್ಮೆಯು ನನಗೆ ಅವನ ಇತರ ಕೀರ್ತಿಗಳಷ್ಟೇ ಪೂಜ್ಯವಾಗಿ ತೋರುತ್ತದೆ. ಅವನ ಮನೆಯ ಬಳಿ 1841ರಲ್ಲಿ ಕಡೆಯ ಸಲ ಉತ್ತ ಹೊಲವೊಂದರಲ್ಲಿ ಬೆಣಚುಕಲ್ಲುಗಳು ಎಷ್ಟು ದಟ್ಟವಾಗಿ ಹರಡಿದ್ದುವೆಂದರೆ, ಮಕ್ಕಳು ಇಳಿಜಾರಿನಲ್ಲಿ ಓಡುವಾಗ ಅವು ಒಂದಕ್ಕೊಂದು ತಾಗಿ ಸದ್ದುಮಾಡುತ್ತಿದ್ದವು. ಮೂವತ್ತು ವರ್ಷಗಳ ತರುವಾಯ ಅದೇ ಹೊಲದಲ್ಲಿ ಈ ತುದಿಯಿಂದ ಆ ತುದಿಗೆ ಕುದುರೆಯು ನಾಗಾಲೋಟದಿಂದ ಓಡಿದರೂ ಲಾಳಕ್ಕೆ ಒಂದು ಕಲ್ಲೂ ತಾಗುವಂತಿರಲಿಲ್ಲ. ಅವನ ಮಗ ಹೊರೇಸ್, ನಡುವೆ ರಂಧ್ರವಿದ್ದ ದುಂಡನೆಯ ಕಲ್ಲೊಂದನ್ನು ಹುಲ್ಲಿನ ಮೇಲಿರಿಸಿ, ಆ ರಂಧ್ರದ ಮೂಲಕ ಹುಳುಗಳ ಚಟುವಟಿಕೆಗೆ ನಿಲುಕದಷ್ಟು ಆಳಕ್ಕೆ ಲೋಹದ ಸಲಾಕಿಗಳನ್ನು ಇಳಿಸಿ, ಅವುಗಳ ತುದಿಯಿಂದ ಕಲ್ಲಿನ ಇಳಿತವನ್ನು ಅಳೆದನು: ವರ್ಷಕ್ಕೆ ಸುಮಾರು 2.2 ಮಿಲಿಮೀಟರು.

ಆದರೆ ಎಲ್ಲ ಕಲ್ಲುಗಳೂ ಇಳಿಯವು. ಬಹು ದೊಡ್ಡ ಬಂಡೆಯ ಅಡಿಯಲ್ಲಿ ನೆಲವು ಒತ್ತಿಕೊಂಡು ಒಣಗಿರುವುದರಿಂದ ಹುಳುಗಳು ಅತ್ತ ಸುಳಿಯುವುದಿಲ್ಲ. ಚರ್ಮದ ಮೂಲಕವೇ ಉಸಿರಾಡುವ ಜೀವಿಗೆ ಶುಷ್ಕತೆಯು ಮರಣವೇ ಸರಿ.

ಕಲ್ಲು ಹಾಸುವವನ ಉಪಾಯವಿರುವುದೂ ಇಲ್ಲಿಯೇ. ಹುಳುಗಳಿಗೆ ಪ್ರಿಯವಾದ ಕಪ್ಪನೆಯ ಮೇಲ್ಮಣ್ಣನ್ನು ಪೂರ್ತಿಯಾಗಿ ತೆಗೆದು, ಜಲ್ಲಿಯನ್ನು ಪದರಪದರವಾಗಿ ಹರಡಿ ಪ್ರತಿ ಪದರವನ್ನೂ ದಿಮ್ಮಸಿನಿಂದ ಬಡಿದು, ಅದರ ಮೇಲೆ ದಪ್ಪ ಮರಳು ಹಾಕಿ, ಅರವತ್ತು ಅಡಿಗೆ ಒಂದಡಿಯಂತೆ ಇಳಿಜಾರಿರುವ ಹಾಗೆ ಚಪ್ಪಡಿಯನ್ನು ಕೂರಿಸಿದರೆ, ಅಲ್ಲಿ ಆಹಾರವೂ ಇಲ್ಲ, ತೇವವೂ ನಿಲ್ಲದು. ಕೆಲವರು ಸಂದುಗಳಿಗೆ ವಿಷವನ್ನು ಸುರಿಯುತ್ತಾರೆ; ಅದು ಕೂಡದು. ನೆಲವನ್ನು ಸಡಿಲಿಸಿ ಮಳೆಯ ನೀರನ್ನು ಒಳಕ್ಕೆ ಬಿಡುವ ಉಪಕಾರಿಯನ್ನು ಕೊಂದರೆ, ದಾರಿಯ ಪಕ್ಕದ ಗಿಡಗಳಿಗೂ ಕೇಡು. ಮರಳು ತುಂಬಿದ ಸಂದಿನಿಂದ ಅಲ್ಲೊಂದು ಇಲ್ಲೊಂದು ಹಿಕ್ಕೆಯ ಗುಡ್ಡೆ ಎದ್ದರೆ, ಒಣಗಲು ಬಿಟ್ಟು ಪೊರಕೆಯಿಂದ ಮಲ್ಲಿಗೆಯ ಬುಡಕ್ಕೆ ತಳ್ಳಬಹುದು. ಹಸಿಯಾಗಿರುವಾಗ ಗುಡಿಸಿದರೆ ಕಲ್ಲಿಗೆಲ್ಲ ಮೆತ್ತಿಕೊಳ್ಳುತ್ತದೆ.