ಗಾಳಿಯ ಕಣದಲ್ಲಿ ಮರಳಿನ ರಾಶಿ

ಸುಗ್ಗಿಯ ಕಾಲದಲ್ಲಿ ರೈತನು ಕಣದಲ್ಲಿ ನಿಂತು ರಾಗಿಯನ್ನು ತೂರುವುದನ್ನು ನಮ್ಮಲ್ಲಿ ಅನೇಕರು ಕಂಡಿರುತ್ತೇವೆ. ಮೊರದಿಂದ ಬೀಳುವ ಕಾಳು ಕಾಲಬುಡದಲ್ಲಿ ರಾಶಿಯಾಗುತ್ತದೆ; ಹೊಟ್ಟು ದೂರಕ್ಕೆ ಹಾರಿಹೋಗುತ್ತದೆ. ಗಾಳಿಯು ಹಗುರವಾದುದನ್ನು ಚದರಿಸಿ ಭಾರವಾದುದನ್ನು ಬಿಟ್ಟುಹೋಗುತ್ತದೆ ಎಂಬುದನ್ನು ತೋರಿಸಲು ಇದಕ್ಕಿಂತ ಸರಳವಾದ ಪ್ರಯೋಗ ಬೇಕಿಲ್ಲ. ಆದರೆ ಮರುಭೂಮಿಯಲ್ಲಿ ಗಾಳಿಯ ಕೆಲಸ ಇನ್ನೂ ವಿಚಿತ್ರವಾದುದು. ಅಲ್ಲಿ ಅದು ಹೊಟ್ಟಿನಂತಹ ಧೂಳನ್ನು ಹಾರಿಸುವುದಷ್ಟೇ ಅಲ್ಲ, ಕಾಳಿನಂತಹ ಮರಳನ್ನೂ ಹೊತ್ತೊಯ್ದು, ಬೇರೊಂದೆಡೆ ತಾನೇ ರಾಶಿ ಹಾಕುತ್ತದೆ. ಸುತ್ತಲೂ ಬರಿಯ ಕಲ್ಲುನೆಲ, ನಡುವೆ ನೂರು ಮೀಟರು ಎತ್ತರದ ಮರಳಿನ ದಿಬ್ಬ! ಎಲ್ಲವನ್ನೂ ಚದರಿಸುವ ಗಾಳಿಯು ಮರಳನ್ನು ಮಾತ್ರ ಒಟ್ಟುಗೂಡಿಸುವುದೇಕೆ?

ಈ ಪ್ರಶ್ನೆಗೆ ತೃಪ್ತಿಕರವಾದ ಉತ್ತರ ಹುಟ್ಟಿದುದು ಕೆಲವು ಗೆಳೆಯರ ಮೋಟಾರು ಪ್ರಯಾಣದಿಂದ ಎಂದರೆ ಆಶ್ಚರ್ಯವಾದೀತು.

ರಜೆಯ ದಿನಗಳ ಸಾಹಸ

ರಾಲ್ಫ್ ಬ್ಯಾಗ್ನಾಲ್ಡ್ (1896–1990) ಬ್ರಿಟಿಷ್ ಸೇನೆಯಲ್ಲಿ ಎಂಜಿನಿಯರ್ ಅಧಿಕಾರಿಯಾಗಿದ್ದನು. 1920ರ ದಶಕದಲ್ಲಿ ಈಜಿಪ್ಟಿನಲ್ಲಿ ಕೆಲಸಕ್ಕಿದ್ದಾಗ ಅವನೂ ಅವನ ಕೆಲವು ಗೆಳೆಯರೂ ರಜೆ ಸಿಕ್ಕಿದಾಗಲೆಲ್ಲ ಸಾಮಾನ್ಯ ಫೋರ್ಡ್ ಮೋಟಾರುಗಳನ್ನೇರಿ ಮರುಭೂಮಿಗೆ ಹೊರಡುತ್ತಿದ್ದರು. 1929, 1930 ಮತ್ತು 1932ರಲ್ಲಿ ಅವರು ಕೈಗೊಂಡ ದೀರ್ಘ ಯಾತ್ರೆಗಳು ಲಿಬಿಯನ್ ಮರುಭೂಮಿಯ ಒಡಲನ್ನೇ ಹೊಕ್ಕವು. ಈಜಿಪ್ಟ್–ಲಿಬಿಯಗಳ ಗಡಿಯಲ್ಲಿ ಹಬ್ಬಿರುವ ‘ಮಹಾ ಮರಳುಸಮುದ್ರ’ದ ವಿಸ್ತೀರ್ಣವೇ ಸುಮಾರು 72,000 ಚದರ ಕಿಲೋಮೀಟರು, ನಮ್ಮ ಕರ್ನಾಟಕದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು. ಅಲ್ಲಿ ರಸ್ತೆಯಿಲ್ಲ, ಬಾವಿಯಿಲ್ಲ, ಹುಲ್ಲುಕಡ್ಡಿಯೂ ಅಪರೂಪ. ಅಂತಹ ಕಡೆ ನೀರು ಮುಗಿದರೆ, ಇಲ್ಲವೇ ದಿಕ್ಕು ತಪ್ಪಿದರೆ, ಸಾವು ನಿಶ್ಚಿತ. ಈ ಎರಡು ಅಪಾಯಗಳನ್ನೂ ಅವರು ಎದುರಿಸಿದುದು ನಾವು ತರಗತಿಯಲ್ಲಿ ಓದುವ ಭೌತಶಾಸ್ತ್ರದ ಬಲದಿಂದಲೇ.

ಮೊದಲು ನೀರಿನ ವಿಷಯ. ಬಿಸಿಲಿನಲ್ಲಿ ಮರಳಿನ ಮೇಲೆ ಏದುತ್ತಾ ಸಾಗುವ ಎಂಜಿನ್ನನ್ನು ತಂಪಾಗಿಡುವ ನೀರು ಕುದಿದು ಉಗಿಯಾಗಿ ಹೋಗುತ್ತದೆ. ಕುಡಿಯುವ ನೀರನ್ನೇ ಅಳೆದು ಹಂಚಿಕೊಳ್ಳುವ ಕಡೆ ಈ ನಷ್ಟವನ್ನು ಸಹಿಸುವುದು ಹೇಗೆ? ಅವರು ರೇಡಿಯೇಟರಿನ ಬಾಯನ್ನು ಬಿಗಿಯಾಗಿ ಮುಚ್ಚಿ, ಉಗಿಯನ್ನು ಕೊಳವೆಯ ಮೂಲಕ ಅರ್ಧ ನೀರು ತುಂಬಿದ ಡಬ್ಬಿಯೊಳಕ್ಕೆ ಹಾಯಿಸಿದರು. ಉಗಿ ಅಲ್ಲಿ ತಣಿದು ನೀರಾಯಿತು. ಡಬ್ಬಿಯ ನೀರೂ ಕುದಿಯತೊಡಗಿದಾಗ ಮೋಟಾರನ್ನು ಗಾಳಿಗೆ ಮುಖಮಾಡಿ ನಿಲ್ಲಿಸುತ್ತಿದ್ದರು. ಎಂಜಿನ್ನು ತಣ್ಣಗಾದಂತೆ ರೇಡಿಯೇಟರಿನಲ್ಲಿದ್ದ ಉಗಿ ಸಾಂದ್ರೀಕರಿಸಿ ಒಳಗಿನ ಒತ್ತಡ ಕುಗ್ಗುವುದು. ಆಗ ಹೊರಗಿನ ವಾಯುಭಾರವೇ ಡಬ್ಬಿಯ ನೀರನ್ನು ಮತ್ತೆ ಒಳಕ್ಕೆ ತಳ್ಳುವುದು!

ಇನ್ನು ದಿಕ್ಕಿನ ವಿಷಯ. ಉಕ್ಕಿನ ಮೋಟಾರಿನೊಳಗೆ ಕಾಂತಸೂಚಿಯನ್ನು ನಂಬುವಂತಿಲ್ಲ. ಆದುದರಿಂದ ಬ್ಯಾಗ್ನಾಲ್ಡನು ಸೂರ್ಯ ದಿಕ್ಸೂಚಿಯನ್ನು ಬಳಸಿದನು. ಅಂಶಗಳನ್ನು ಗುರುತಿಸಿದ ಒಂದು ಬಿಲ್ಲೆ, ಅದರ ನಡುವೆ ನೆಟ್ಟಗೆ ನಿಂತ ಒಂದು ಸೂಜಿ, ಬಿಲ್ಲೆಯ ಮೇಲೆ ಸೂಜಿಯ ನೆರಳು; ಉಪಕರಣವೆಂದರೆ ಇಷ್ಟೇ. ಸೂರ್ಯನು ಸರಿದಂತೆ ಆಗಾಗ ಬಿಲ್ಲೆಯನ್ನು ತಿರುಗಿಸಿ ಸರಿಪಡಿಸಿಕೊಂಡರೆ, ಚಾಲಕನು ನೆರಳನ್ನು ಗೆರೆಯ ಮೇಲಿರಿಸಿ ನೇರವಾಗಿ ಸಾಗಬಹುದು. ರಾತ್ರಿಯಲ್ಲಿ ನಕ್ಷತ್ರಗಳನ್ನು ನೋಡಿ ತಾವಿರುವ ಸ್ಥಳವನ್ನು ಲೆಕ್ಕಹಾಕುತ್ತಿದ್ದರು.

ದಿಬ್ಬವನ್ನೇರಿದ ಮೋಟಾರು

ಮರಳಿನ ದಿಬ್ಬವನ್ನು ಮೋಟಾರು ಏರಲಾರದೆಂದೇ ಜನರು ಭಾವಿಸಿದ್ದರು. ಬ್ಯಾಗ್ನಾಲ್ಡನು ಒಮ್ಮೆ ಗಂಟೆಗೆ ಸುಮಾರು 60 ಕಿಲೋಮೀಟರು ವೇಗದಲ್ಲಿ ಒಂದು ದೊಡ್ಡ ದಿಬ್ಬದತ್ತ ನೇರವಾಗಿ ನುಗ್ಗಿದನು. ಚಕ್ರಗಳು ಹೂತುಹೋಗಲಿಲ್ಲ, ಮೋಟಾರು ನಯವಾಗಿ ಮೇಲೇರಿತು! ಗಾಳಿಯು ಒಂದೊಂದೇ ಕಣವನ್ನು ಬಡಿದು ಕೂರಿಸಿದ ಮುಂಬದಿಯ ಮರಳು ಗಟ್ಟಿಯಾಗಿರುತ್ತದೆ. ಆದರೆ ಶಿಖರವನ್ನು ದಾಟಿ ಹಿಂಬದಿಗೆ ಬಿದ್ದ ಮರಳು ಸಡಿಲವಾಗಿ, ಸುಮಾರು 33 ಅಂಶದ ಇಳಿಜಾರಿನಲ್ಲಿ ನಿಂತಿರುತ್ತದೆ. ಶಿಖರಕ್ಕೆ ಮುನ್ನ ನಿಲ್ಲದ ಮೋಟಾರಿಗೆ ಅಲ್ಲಿ ಕೇಡು ಕಾದಿರುತ್ತದೆ. ಒಂದೇ ಮರಳು, ಎರಡು ಗುಣ! ಇಂತಹ ಅನುಭವಗಳೇ ಅವನನ್ನು ಕುತೂಹಲದ ಕಡೆಗೆ ಸೆಳೆದವು.

1935ರಲ್ಲಿ ಸೇನೆಯಿಂದ ನಿವೃತ್ತನಾದ ಮೇಲೆ ಅವನು ಲಂಡನ್ನಿನ ಇಂಪೀರಿಯಲ್ ಕಾಲೇಜಿನಲ್ಲಿ ಒಂದು ಗಾಳಿಸುರಂಗವನ್ನು ನಿರ್ಮಿಸಿ, ಅದರೊಳಗೆ ಮರಳನ್ನು ಹರಡಿ ಗಾಳಿ ಬೀಸಿಸಿದನು. ಫಲಿತಾಂಶಗಳನ್ನು ಪರೀಕ್ಷಿಸಲು 1938ರಲ್ಲಿ ಮತ್ತೆ ಮರುಭೂಮಿಗೆ ಹೋಗಿ, ನಿಜವಾದ ಬಿರುಗಾಳಿಯ ನಡುವೆ ಅಳತೆಗಳನ್ನು ತೆಗೆದನು. 1941ರಲ್ಲಿ ಪ್ರಕಟವಾದ ಅವನ ಗ್ರಂಥವು ಈ ಶಾಸ್ತ್ರಕ್ಕೆ ಇಂದಿಗೂ ತಳಹದಿ.

ಕುಪ್ಪಳಿಸುವ ಕಣಗಳು

ಮರಳಿನ ಕಣವು ಧೂಳಿನಂತೆ ತೇಲುವುದಿಲ್ಲ, ಕುಪ್ಪಳಿಸುತ್ತದೆ. ನೆಲದಿಂದ ಚಿಮ್ಮಿದ ಕಣವನ್ನು ಮೇಲಿನ ಗಾಳಿಯು ಮುಂದಕ್ಕೆ ತಳ್ಳಿ ವೇಗಗೊಳಿಸುತ್ತದೆ. ಅದು ಓರೆಯಾಗಿ ಬಂದು ನೆಲಕ್ಕಪ್ಪಳಿಸಿ, ತಾನೂ ಪುಟಿದು ಬೇರೆ ಕಣಗಳನ್ನೂ ಚಿಮ್ಮಿಸುತ್ತದೆ. ತನ್ನ ಆರರಷ್ಟು ವ್ಯಾಸದ ಕಣವನ್ನೂ ಅದು ಕದಲಿಸಬಲ್ಲದೆಂದು ಬ್ಯಾಗ್ನಾಲ್ಡನು ಕಂಡನು. ಆರರ ಘನ 216. ಎಂದರೆ ತನಗಿಂತ ಇನ್ನೂರು ಪಟ್ಟಿಗೂ ಮಿಗಿಲಾದ ತೂಕ! ಈ ಕುಪ್ಪಳಿಕೆ ನೆಲಮಟ್ಟದ ವ್ಯಾಪಾರವಾದುದರಿಂದ, ಧೂಳಿಲ್ಲದ ಶುದ್ಧ ಮರಳಿನ ಬಿರುಗಾಳಿಯಲ್ಲಿ ಮನುಷ್ಯನ ತಲೆ ಮತ್ತು ಹೆಗಲು ಮರಳಿನ ಮೋಡದ ಮೇಲಿರುವುದುಂಟು.

ಈಗ ನಮ್ಮ ಮೊದಲ ಪ್ರಶ್ನೆಗೆ ಬರೋಣ. ಸಿಮೆಂಟಿನ ನೆಲಕ್ಕೆ ಬಿದ್ದ ಚೆಂಡು ಎತ್ತರಕ್ಕೆ ಪುಟಿಯುತ್ತದೆ. ಮರಳಿನ ಗುಂಡಿಗೆ ಬಿದ್ದ ಚೆಂಡು ಅಲ್ಲೇ ಉಳಿಯುತ್ತದೆ. ಕಣದ ಗತಿಯೂ ಹೀಗೆಯೇ. ಕಲ್ಲುನೆಲದ ಮೇಲೆ ಅದು ಎತ್ತರಕ್ಕೆ ನೆಗೆದು ವೇಗವಾಗಿ ಸಾಗುತ್ತದೆ. ಮರಳಿನ ಹಾಸಿನ ಮೇಲೆ ಬಿದ್ದಾಗ ಅದರ ಶಕ್ತಿಯು ಇತರ ಕಣಗಳನ್ನು ಎಬ್ಬಿಸುವುದರಲ್ಲಿ ವ್ಯಯವಾಗುತ್ತದೆ. ಹಾಗೆ ಎದ್ದ ಕಣಗಳ ಹೊರೆಯನ್ನು ಎಳೆಯುವ ಗಾಳಿಯು ನೆಲದ ಬಳಿ ನಿಧಾನಗೊಳ್ಳುತ್ತದೆ. ಹೊರಲಾರದ ಹೊರೆಯನ್ನು ಅದು ಅಲ್ಲಿಯೇ ಇಳಿಸಬೇಕು. ಮರಳಿದ್ದೆಡೆಗೇ ಮರಳು ಸೇರುವುದು ಹೀಗೆ. ದಿಬ್ಬವೆಂದರೆ ಗಾಳಿಯು ದಣಿದು ಹೊರೆಯಿಳಿಸಿದ ಕಟ್ಟೆ!

ಗಾಳಿಯು ಹೊರುವ ಮರಳಿನ ಮೊತ್ತವು, ಬಲವಾದ ಗಾಳಿಯಲ್ಲಿ, ಸ್ಥೂಲವಾಗಿ ಅದರ ವೇಗದ ಘನಕ್ಕೆ ಅನುಪಾತವಾಗಿರುತ್ತದೆ ಎಂಬುದು ಅವನು ಕಂಡ ಇನ್ನೊಂದು ನಿಯಮ. ವೇಗ ಇಮ್ಮಡಿಯಾದರೆ ಮರಳು ಎಂಟುಮಡಿ. ವರ್ಷವೆಲ್ಲ ಬೀಸುವ ಮಂದಾನಿಲಕ್ಕಿಂತ ಕೆಲವೇ ದಿನಗಳ ಬಿರುಗಾಳಿಯು ಮರುಭೂಮಿಯ ರೂಪವನ್ನು ಹೆಚ್ಚು ಬದಲಿಸುವುದು ಇದರಿಂದಲೇ.

ಅವನ ಮಾತೆಲ್ಲವೂ ನಿಂತಿತೆಂದಲ್ಲ. ಮರಳಿನ ಮೇಲಣ ಸಣ್ಣ ಅಲೆಗಳ ಅಂತರವು ಕಣದ ಒಂದು ನೆಗೆತದ ಉದ್ದಕ್ಕೆ ಸಮವೆಂದು ಅವನು ಭಾವಿಸಿದ್ದನು. ಮುಂದಿನ ಸಂಶೋಧನೆಗಳು ಇದನ್ನು ಒಪ್ಪಲಿಲ್ಲ. ಆದರೆ ಕುಪ್ಪಳಿಕೆಯ ಮೂಲತತ್ತ್ವ ಅಚಲವಾಗಿ ನಿಂತಿದೆ.

ಮಂಗಳನಿಂದ ಥಾರಿನವರೆಗೆ

ಈ ತತ್ತ್ವದ ವ್ಯಾಪ್ತಿ ಭೂಮಿಗೆ ಮುಗಿಯಲಿಲ್ಲ. ಮಂಗಳನ ವಾಯುಮಂಡಲದ ಒತ್ತಡ ನಮ್ಮದರ ನೂರನೆಯ ಒಂದು ಭಾಗಕ್ಕಿಂತಲೂ ಕಡಿಮೆ. ಆದರೂ ಅಲ್ಲಿ ದಿಬ್ಬಗಳಿವೆ, ಅವು ಚಲಿಸುತ್ತವೆ. 2015ರ ಕೊನೆಯಲ್ಲಿ ಅಮೆರಿಕದ ಕ್ಯೂರಿಯಾಸಿಟಿ ಎಂಬ ಯಂತ್ರವಾಹನವು ಅಂತಹ ದಿಬ್ಬಗಳ ಬಳಿ ಸಾಗಿ ಚಿತ್ರಗಳನ್ನು ಕಳುಹಿಸಿತು. ಆ ದಿಬ್ಬಗಳಿಗೆ ಇಟ್ಟಿರುವುದು ಬ್ಯಾಗ್ನಾಲ್ಡನ ಹೆಸರನ್ನೇ.

ಆದರೆ ನಮಗೆ ಹತ್ತಿರದ ಉದಾಹರಣೆ ರಾಜಸ್ಥಾನದ ಥಾರ್ ಮರುಭೂಮಿ. ಅಲ್ಲಿ ಚಲಿಸುವ ಮರಳು ಹೊಲ, ರಸ್ತೆ, ರೈಲುಹಳಿ, ಕಾಲುವೆಗಳನ್ನು ಮುಚ್ಚುತ್ತದೆ. ಮರಳಿನ ಬೆಟ್ಟವನ್ನು ಅಗೆದು ಸಾಗಿಸುವುದು ಯಾರಿಗೂ ಸಾಧ್ಯವಲ್ಲ. ಜೋಧಪುರದ ಕೇಂದ್ರೀಯ ಶುಷ್ಕವಲಯ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಪ್ರಚಾರಕ್ಕೆ ತಂದ ಉಪಾಯ ಸರಳವಾದುದು: ದಿಬ್ಬದ ಮೇಲೆ ಗಾಳಿಗೆ ಅಡ್ಡವಾಗಿ ಒಣಗಿದ ಪೊದೆಗಳ ಮೋಟುಬೇಲಿಗಳನ್ನು ಸಾಲುಸಾಲಾಗಿ ನೆಟ್ಟು, ಅವುಗಳ ಮರೆಯಲ್ಲಿ ಹುಲ್ಲು ಮತ್ತು ಗಿಡಗಳನ್ನು ಬೆಳೆಸುವುದು. ಬೇಲಿಯು ಗಾಳಿಯನ್ನು ಪೂರ್ತಿಯಾಗಿ ತಡೆಯಬೇಕಿಲ್ಲ. ನೆಲದ ಬಳಿ ವೇಗವು ಅರ್ಧಕ್ಕಿಳಿದರೆ ಮರಳಿನ ಹರಿವು ಎಂಟನೆಯ ಒಂದು ಭಾಗಕ್ಕಿಳಿಯುತ್ತದೆ. ಇನ್ನಷ್ಟು ಇಳಿದರೆ ಕಣವು ಕದಲುವುದೇ ಇಲ್ಲ. ಬೇರೂರಲು ಸಸಿಗೆ ಬೇಕಾದುದು ಅಷ್ಟು ಬಿಡುವು ಮಾತ್ರ. ಮೊಣಕಾಲೆತ್ತರದ ಕಡ್ಡಿಬೇಲಿಯು ಬೆಟ್ಟದಂತಹ ದಿಬ್ಬವನ್ನು ಕಟ್ಟಿಹಾಕುವುದರ ಗುಟ್ಟು ಆ ಘನನಿಯಮದಲ್ಲಿದೆ.