ಕಲೆ ಬಿದ್ದರೂ ಮಾತಾಡುವ ಚೌಕ

ಎಳನೀರು ಗಾಡಿಯ ಕಂಬಕ್ಕೆ ಸುತಲಿ ದಾರದಲ್ಲಿ ಕಟ್ಟಿ ನೇತುಹಾಕಿದ ಆ ಕ್ಯೂಆರ್ ಕಾರ್ಡನ್ನು ಮುಂದಿನ ಸಲ ಸ್ಕ್ಯಾನ್ ಮಾಡುವ ಮುಂಚೆ ಒಂದು ನಿಮಿಷ ದಿಟ್ಟಿಸಿ ನೋಡಿ. ಮೂಲೆ ಹರಿದಿದೆ. ಕಪ್ಪು ಬಣ್ಣ ಬಿಸಿಲಿಗೆ ಕಂದು ತಿರುಗಿದೆ. ಕಾಯಿ ಕೆತ್ತುವಾಗ ಸಿಡಿದ ನೀರಿನ ಕಲೆ, ಮೇಲಿನ ಪ್ಲಾಸ್ಟಿಕ್ಕಿನ ತುಂಬ ಗೀರು. ಇಷ್ಟಾದರೂ ಫೋನು ಹಿಡಿದದ್ದೇ ತಡ, ರೆಪ್ಪೆ ಬಡಿಯುವಷ್ಟರಲ್ಲಿ ಅಂಗಡಿಯವನ ಹೆಸರು ತೆರೆಯ ಮೇಲೆ! ಓರೆಯಾಗಿ ಹಿಡಿಯಿರಿ, ತಲೆಕೆಳಗಾಗಿ ಹಿಡಿಯಿರಿ, ನಡುಗುವ ಕೈಯಲ್ಲಿ ಹಿಡಿಯಿರಿ, ಅದಕ್ಕೆ ಲೆಕ್ಕವೇ ಇಲ್ಲ. ಹೇಗೆ? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ದಾರಿ ಮೊದಲು ಜಪಾನಿನ ಒಂದು ಕಾರ್ಖಾನೆಗೆ ಹೋಗುತ್ತದೆ, ಅಲ್ಲಿಂದ ಯುರೇನಸ್ ಗ್ರಹದವರೆಗೂ ಹೋಗುತ್ತದೆ. ಉತ್ಪ್ರೇಕ್ಷೆ ಮಾಡುತ್ತಿಲ್ಲ, ಬನ್ನಿ.

1990ರ ದಶಕದ ಆರಂಭ. ಜಪಾನಿನ ಐಚಿ ಪ್ರಾಂತ್ಯದಲ್ಲಿ ಟೊಯೋಟಾ ಕಾರುಗಳಿಗೆ ಬಿಡಿಭಾಗ ಮಾಡಿಕೊಡುವ ಡೆನ್ಸೋ ಕಂಪನಿ. ಭಾಗಗಳನ್ನು ತುಂಬಿದ ಪೆಟ್ಟಿಗೆಗಳ ಮೇಲೆ ಬಾರ್‌ಕೋಡ್. ಒಂದು ಬಾರ್‌ಕೋಡಿನಲ್ಲಿ ಹಿಡಿಯುವುದು ಇಪ್ಪತ್ತರ ಆಸುಪಾಸು ಅಕ್ಷರ ಮಾತ್ರ, ಹಾಗಾಗಿ ಒಂದೇ ಪೆಟ್ಟಿಗೆಗೆ ಹತ್ತು ಬಾರ್‌ಕೋಡ್ ಅಂಟಿಸಬೇಕಾಗುತ್ತಿತ್ತು. ಕೆಲಸಗಾರರು ಒಂದಾದ ಮೇಲೊಂದು ಸ್ಕ್ಯಾನ್ ಮಾಡಿ ಮಾಡಿ ಸುಸ್ತು. ಸಾಲದ್ದಕ್ಕೆ ಕಾರ್ಖಾನೆಯ ಎಣ್ಣೆ ಮೆತ್ತಿಕೊಂಡರೆ ಬಾರ್‌ಕೋಡ್ ಬಾಯಿಯನ್ನೇ ಬಿಡುತ್ತಿರಲಿಲ್ಲ. ಇದಕ್ಕೆ ಪರಿಹಾರ ಹುಡುಕುವ ಕೆಲಸ ಬಿದ್ದದ್ದು ಮಸಾಹಿರೊ ಹರಾ ಎಂಬ ಎಂಜಿನಿಯರ್ ಹೆಗಲಿಗೆ. ಅವರ ತಂಡವೆಂದರೆ ಇಬ್ಬರೇ!

ಊಟದ ಬಿಡುವಿನಲ್ಲಿ ಹರಾ ‘ಗೋ’ ಆಡುತ್ತಿದ್ದರು. ಚೌಕಳಿ ಹಲಗೆಯ ಮೇಲೆ ಕಪ್ಪು ಬಿಳುಪು ಕಾಯಿಗಳನ್ನಿಡುವ ಹಳೆಯ ಆಟ. ಆ ಹಲಗೆಯನ್ನು ನೋಡುತ್ತಲೇ ಹೊಳೆಯಿತು: ಬಾರ್‌ಕೋಡ್ ಎಡದಿಂದ ಬಲಕ್ಕೆ ಮಾತ್ರ ಮಾತಾಡುತ್ತದೆ, ಹಲಗೆಯಾದರೆ ಅಡ್ಡಕ್ಕೂ ಮಾತಾಡುತ್ತದೆ, ಉದ್ದಕ್ಕೂ ಮಾತಾಡುತ್ತದೆ. ಕಪ್ಪು ಎಂದರೆ ಒಂದು, ಬಿಳಿ ಎಂದರೆ ಸೊನ್ನೆ. ಅಷ್ಟೇ! ಇಪ್ಪತ್ತು ಅಕ್ಷರದ ಬದಲು 7,089 ಅಂಕಿಗಳವರೆಗೆ ತುಂಬಿಸುವ ಬಾಗಿಲು ತೆರೆದುಕೊಂಡಿತು.

ಆದರೆ ನಿಜವಾದ ತಲೆನೋವು ಆಮೇಲಿನದು. ಪೆಟ್ಟಿಗೆಯ ಮೇಲೆ ಅಕ್ಷರಗಳಿವೆ, ಚಿತ್ರಗಳಿವೆ, ಗೆರೆಗಳಿವೆ. ಇವೆಲ್ಲದರ ನಡುವೆ ‘ಕೋಡ್ ಇಲ್ಲಿದೆ’ ಎಂದು ಯಂತ್ರಕ್ಕೆ ತಿಳಿಯುವುದು ಹೇಗೆ? ಹರಾ ಮತ್ತು ಅವರ ಜೊತೆಗಾರ ಮಾಡಿದ್ದನ್ನು ಕೇಳಿದರೆ ನಗು ಬರುತ್ತದೆ, ಮರುಕ್ಷಣವೇ ಕೈಮುಗಿಯಬೇಕೆನಿಸುತ್ತದೆ. ಪತ್ರಿಕೆ, ಕರಪತ್ರ, ರಟ್ಟಿನ ಡಬ್ಬ, ಕೈಗೆ ಸಿಕ್ಕ ಮುದ್ರಿತ ಕಾಗದವನ್ನೆಲ್ಲ ಗುಡ್ಡೆ ಹಾಕಿಕೊಂಡು, ಅವುಗಳಲ್ಲಿ ಕಪ್ಪು ಬಿಳುಪಿನ ಅಗಲಗಳು ಯಾವ ಅನುಪಾತದಲ್ಲಿ ಬರುತ್ತವೆಂದು ಅಳೆಯುತ್ತ ಕೂತರು. ಅವರಿಗೆ ಬೇಕಿದ್ದದ್ದು ಎಲ್ಲಿಯೂ ಹೆಚ್ಚಾಗಿ ಕಾಣಿಸದ ಅನುಪಾತ. ಕೊನೆಗೆ ಸಿಕ್ಕಿತು: 1:1:3:1:1. ಒಂದು ಪಾಲು ಕಪ್ಪು, ಒಂದು ಬಿಳಿ, ಮೂರು ಕಪ್ಪು, ಒಂದು ಬಿಳಿ, ಮತ್ತೆ ಒಂದು ಕಪ್ಪು.

ಈಗ ನಿಮ್ಮ ಹತ್ತಿರ ಇರುವ ಯಾವುದಾದರೂ ಕ್ಯೂಆರ್ ಕೋಡಿನ ಮೂಲೆ ನೋಡಿ. ಚೌಕದೊಳಗೆ ಚೌಕ, ಕಣ್ಣಿನಂತೆ. ಅದರ ನಡುಮಧ್ಯೆ ಹಾಯುವಂತೆ ಅಡ್ಡ ಗೆರೆ ಎಳೆಯಿರಿ: 1:1:3:1:1. ಉದ್ದಕ್ಕೆ ಎಳೆಯಿರಿ: 1:1:3:1:1. ಓರೆಯಾಗಿ ಎಳೆಯಿರಿ, ಅದೇ! ಹೀಗಾಗಿ ಫೋನನ್ನು ಹೇಗೆ ತಿರುಗಿಸಿ ಹಿಡಿದರೂ ಕ್ಯಾಮೆರಾ ಆ ಕಣ್ಣುಗಳನ್ನು ಥಟ್ಟನೆ ಹಿಡಿಯುತ್ತದೆ. ಕಣ್ಣು ನಾಲ್ಕಲ್ಲ, ಮೂರೇ. ಅದೂ ಜಾಣತನವೇ. ನಾಲ್ಕೂ ಮೂಲೆಗಳಲ್ಲಿ ಇದ್ದಿದ್ದರೆ ಮೇಲ್ಯಾವುದು ಕೆಳಗ್ಯಾವುದು ಗೊತ್ತಾಗುತ್ತಿರಲಿಲ್ಲ. ಕಣ್ಣಿಲ್ಲದ ಮೂಲೆಯೇ ಯಂತ್ರಕ್ಕೆ ದಿಕ್ಕು ತೋರಿಸುತ್ತದೆ. ಇನ್ನೊಂದು ಎಚ್ಚರಿಕೆಯೂ ಇದೆ. ತುಂಬಿದ ಮಾಹಿತಿಯೇ ಅಕಸ್ಮಾತ್ ಕಣ್ಣಿನ ಆಕಾರ ತಾಳಿದರೆ? ದೊಡ್ಡ ಕಪ್ಪು ತೇಪೆಯಾಗಿ ಕೂತರೆ? ಅದಕ್ಕಾಗಿ ಕೋಡ್ ತಯಾರಿಸುವ ತಂತ್ರಾಂಶ ಎಂಟು ಬಗೆಯ ವಿನ್ಯಾಸಗಳನ್ನು ಒಂದೊಂದಾಗಿ ಮೇಲೆ ಹೊದಿಸಿ ನೋಡಿ, ಯಾವುದರಲ್ಲಿ ಕಪ್ಪು ಬಿಳುಪು ಹದವಾಗಿ ಬೆರೆಯುತ್ತದೋ ಅದನ್ನು ಆರಿಸುತ್ತದೆ. ಯಾವುದನ್ನು ಆರಿಸಿತು ಎನ್ನುವುದನ್ನು ಕಣ್ಣುಗಳ ಪಕ್ಕದಲ್ಲೇ ಗುಟ್ಟಾಗಿ ಎರಡೆರಡು ಕಡೆ ಬರೆದಿಡುತ್ತದೆ!

ಸರಿ, ಕಲೆಯ ಮಾತೇನು? ಹರಿದ ಮೂಲೆಯಲ್ಲಿದ್ದ ಮಾಹಿತಿ ಎಲ್ಲಿಂದ ಬರುತ್ತದೆ?

ಇಲ್ಲಿಗೆ ಬಂದಾಗ ನನಗಂತೂ ಉಸಿರೇ ನಿಂತಂತಾಯಿತು. 1960ರಲ್ಲಿ ಅಮೆರಿಕದ ಎಂಐಟಿಯ ಲಿಂಕನ್ ಪ್ರಯೋಗಾಲಯದಲ್ಲಿದ್ದ ಇರ್ವಿಂಗ್ ರೀಡ್ ಮತ್ತು ಗುಸ್ಟಾವ್ ಸಾಲೊಮನ್ ಒಂದು ಪುಟ್ಟ ಪ್ರಬಂಧ ಪ್ರಕಟಿಸಿದರು. ಅದರ ತಿರುಳು ಶಾಲೆಯ ಗಣಿತವೇ. ಎರಡು ಚುಕ್ಕಿ ಕೊಟ್ಟರೆ ಅವುಗಳ ಮೂಲಕ ಹಾಯುವ ಸರಳರೇಖೆ ಒಂದೇ ಒಂದು. ಈಗ ಅದೇ ರೇಖೆಯ ಮೇಲೆ ಇನ್ನೂ ಮೂರು ಚುಕ್ಕಿ ಹೆಚ್ಚಿಗೆ ಇಟ್ಟು ಕಳಿಸಿ. ದಾರಿಯಲ್ಲಿ ಒಂದೆರಡು ಅಳಿಸಿಹೋದರೂ ಉಳಿದವುಗಳಿಂದ ರೇಖೆಯನ್ನು ಮತ್ತೆ ಎಳೆಯಬಹುದು, ಕಳೆದುಹೋದ ಚುಕ್ಕಿಯ ಜಾಗ ತಾನಾಗಿ ಸಿಗುತ್ತದೆ. ಒಂದು ಚುಕ್ಕಿ ಸುಳ್ಳು ಜಾಗಕ್ಕೆ ಸರಿದಿದ್ದರೆ ರೇಖೆಯ ಮೇಲೆ ಕೂರದೆ ತಾನೇ ಸಿಕ್ಕಿಬೀಳುತ್ತದೆ. ಅಂಗಳದ ಚುಕ್ಕಿ ರಂಗೋಲಿಯನ್ನು ಯಾರೋ ತುಳಿದು ಹೋದರೆ ಹಾಕಿದವರಿಗೆ ಅಳಿಸಿದ ಚುಕ್ಕಿ ಎಲ್ಲಿತ್ತೆಂದು ಯಾರೂ ಹೇಳಬೇಕಿಲ್ಲವಲ್ಲ, ಹಾಗೆ. ಸರಳರೇಖೆಯ ಬದಲಿಗೆ ಹೆಚ್ಚು ಬಳುಕುವ ವಕ್ರರೇಖೆಗಳನ್ನು ಇಟ್ಟುಕೊಂಡರೆ ಅದೇ ರೀಡ್-ಸಾಲೊಮನ್ ಸಂಕೇತ. ಸಿ.ಡಿ.ಯ ಮೇಲೆ ಗೀರು ಬಿದ್ದರೂ ಹಾಡು ನಿಲ್ಲದಿದ್ದದ್ದು ಇದರಿಂದ. 1986ರಲ್ಲಿ ವಾಯೇಜರ್ 2 ನೌಕೆ ಯುರೇನಸ್ ಬಳಿಯಿಂದ, ಸುಮಾರು 300 ಕೋಟಿ ಕಿಲೋಮೀಟರ್ ಆಚೆಯಿಂದ, ಕ್ಷೀಣ ರೇಡಿಯೊ ಅಲೆಗಳಲ್ಲಿ ಚಿತ್ರಗಳನ್ನು ಕಳಿಸಿದಾಗ ಅವುಗಳನ್ನು ಕಾಪಾಡಿದ್ದೂ ಇದೇ ಗಣಿತ. ಅದೇ ಗಣಿತ, ರೀ, ಎಳನೀರು ಗಾಡಿಯ ಕಾರ್ಡಿನ ಮೇಲೆ!

ಕ್ಯೂಆರ್ ಕೋಡಿನಲ್ಲಿ ಈ ರಕ್ಷಣೆಗೆ ನಾಲ್ಕು ಮಟ್ಟಗಳಿವೆ: ಹೆಚ್ಚುಕಡಿಮೆ ಶೇಕಡಾ 7, 15, 25 ಮತ್ತು 30ರಷ್ಟು ಭಾಗ ಹಾಳಾದರೂ ಓದಿಸಿಕೊಳ್ಳುವ ಶಕ್ತಿ. ಚೌಕದ ನಟ್ಟನಡುವೆ ಬ್ಯಾಂಕಿನದೋ ಆ್ಯಪಿನದೋ ಚಿಹ್ನೆ ಮುದ್ರಿಸಿರುತ್ತಾರಲ್ಲ, ಅದನ್ನು ನಾವು ಅಲಂಕಾರ ಎಂದುಕೊಂಡಿದ್ದೇವೆ. ಫೋನಿನ ಲೆಕ್ಕದಲ್ಲಿ ಅದು ಗಾಯ! ಹೇಗಿದ್ದರೂ ಗಣಿತ ತುಂಬಿಕೊಡುತ್ತದೆಂಬ ಧೈರ್ಯದಿಂದ ಬೇಕೆಂದೇ ಮಾಡಿದ ಗಾಯ. ನಂಬಿಕೆ ಬರದಿದ್ದರೆ ಚಿಹ್ನೆಯಿಲ್ಲದ ಒಂದು ಕೋಡಿನ ನಡುವೆ ಹೆಬ್ಬೆರಳ ತುದಿ ಇಟ್ಟು ಸ್ಕ್ಯಾನ್ ಮಾಡಿ ನೋಡಿ. ಆದರೆ ಮೂರು ಕಣ್ಣುಗಳಲ್ಲಿ ಒಂದನ್ನು ಪೂರ್ತಿ ಮುಚ್ಚಿದರೆ ಫೋನು ಸಾಮಾನ್ಯವಾಗಿ ತಡವರಿಸುತ್ತದೆ; ಮೈಗೆ ಒಂದಿಷ್ಟು ಪೆಟ್ಟಾದರೂ ತಡೆದೀತು, ಕಣ್ಣಿಗೆ ಮಾತ್ರ ಆಗಬಾರದು.

1994ರಲ್ಲಿ ಹೊರಬಂದ ಈ ಚೌಕದ ಪೇಟೆಂಟ್ ಡೆನ್ಸೋ ಬಳಿಯೇ ಇತ್ತು. ಆದರೂ ಕಂಪನಿ ಬಳಸುವವರಿಂದ ಹಣ ಕೇಳಲಿಲ್ಲ. ಕೇಳಿದ್ದರೆ ತಳ್ಳುಗಾಡಿಯವರೆಗೆ ಇದು ಬರುತ್ತಿತ್ತೇ, ಹೇಳಿ?

ನಮ್ಮಲ್ಲಿ ಯುಪಿಐ ಆರಂಭವಾದದ್ದು 2016ರಲ್ಲಿ. 2025ರ ಆಗಸ್ಟ್ ಒಂದೇ ತಿಂಗಳಲ್ಲಿ ನಡೆದ ವಹಿವಾಟುಗಳ ಸಂಖ್ಯೆ 2,000 ಕೋಟಿ ದಾಟಿತು. ಇದರಲ್ಲಿ ಎಷ್ಟೋ ಹಣಕ್ಕೆ ಬಾಗಿಲಾದ ಆ ಚೌಕದೊಳಗೆ ಏನಿದೆ ಗೊತ್ತೇ? ಹಣ ಇಲ್ಲ. ಪಾಸ್‌ವರ್ಡ್ ಇಲ್ಲ. ಇರುವುದು ಒಂದು ಪುಟ್ಟ ವಾಕ್ಯ: ‘ಯುಪಿಐ ಮೂಲಕ ಪಾವತಿಸಿ, ವಿಳಾಸ ಇಂಥದು, ಹೆಸರು ಇಂಥವರದು’. ಮನೆಯ ಮುಂದಿನ ನಾಮಫಲಕದಷ್ಟೇ ಗುಟ್ಟಿನದು! ಉಳಿದದ್ದೆಲ್ಲ ಆಚೆ ನಡೆಯುತ್ತದೆ. ನಿಮ್ಮ ಆ್ಯಪ್ ಆ ವಿಳಾಸವನ್ನು ರಾಷ್ಟ್ರೀಯ ಪಾವತಿ ನಿಗಮದ ಜಾಲಕ್ಕೆ ಒಪ್ಪಿಸುತ್ತದೆ, ನಿಮ್ಮ ಬ್ಯಾಂಕು ಕಳೆಯುತ್ತದೆ, ಅಂಗಡಿಯವನ ಬ್ಯಾಂಕು ಕೂಡಿಸುತ್ತದೆ. ಅಷ್ಟರಲ್ಲಿ ಗಾಡಿಯ ಮೇಲಿನ ಪುಟ್ಟ ಡಬ್ಬಿ ಹಣ ಬಂತೆಂದು ಕನ್ನಡದಲ್ಲಿ ಕೂಗುತ್ತದೆ. ಆ ಕೂಗು ನಿಮ್ಮ ಫೋನಿನಿಂದ ಬಂದದ್ದಲ್ಲ. ಡಬ್ಬಿಯೊಳಗೆ ಅದರದೇ ಸಿಮ್ ಕಾರ್ಡ್ ಕೂತಿದೆ, ಎಲ್ಲಿಯದೋ ಸರ್ವರ್ ಅದಕ್ಕೆ ನೇರವಾಗಿ ಸುದ್ದಿ ಮುಟ್ಟಿಸುತ್ತದೆ. ಅಗ್ಗದ ಡಬ್ಬಿ ಎಂದು ನಾವು ಮೂಗು ಮುರಿಯುತ್ತೇವೆ. ಓದು ಬಾರದ ವ್ಯಾಪಾರಿಗೂ ಗಿರಾಕಿಯ ಫೋನಿನ ತೆರೆ ನೋಡುವ ಹಂಗು ತಪ್ಪಿಸಿದ್ದು ಅದೇ.

ನಾಮಫಲಕವಾದ್ದರಿಂದಲೇ ಒಂದು ಅಪಾಯವೂ ಉಂಟು. ಮನುಷ್ಯನ ಕಣ್ಣಿಗೆ ಓದಲಾಗದ ಫಲಕ ಅದು, ಹಾಗಾಗಿ ಕಳ್ಳರು ಅಂಗಡಿಯ ಕೋಡಿನ ಮೇಲೆ ತಮ್ಮದನ್ನು ಅಂಟಿಸಿ ಹೋದದ್ದಿದೆ. ಪಿನ್ ಒತ್ತುವ ಮೊದಲು ತೆರೆಯ ಮೇಲಿನ ಹೆಸರು ಓದಿ. ಹಣ ಪಡೆಯಲು ಸ್ಕ್ಯಾನ್ ಮಾಡಿ ಎಂದು ಯಾರಾದರೂ ಹೇಳಿದರೆ ಫೋನಿಡಿ; ಪಡೆಯುವುದಕ್ಕೆ ಸ್ಕ್ಯಾನೂ ಬೇಡ, ಪಿನ್ನೂ ಬೇಡ. ಇನ್ನು ಚೌಕದ ಮೂಲಕ ಹೋದ ಹಣಕ್ಕೆಲ್ಲ ಲೆಕ್ಕ ಉಳಿಯುತ್ತದೆ ಎನ್ನುವುದು ಬೆಂಗಳೂರಿನ ಸಣ್ಣ ವ್ಯಾಪಾರಿಗಳಿಗೆ 2025ರ ಜುಲೈನಲ್ಲಿ ಚುರುಕಾಗಿಯೇ ತಟ್ಟಿತು. ಯುಪಿಐ ವಹಿವಾಟಿನ ಆಧಾರದ ಮೇಲೆ ವಾಣಿಜ್ಯ ತೆರಿಗೆ ಇಲಾಖೆಯ ನೋಟಿಸ್‌ಗಳು ಬಂದು, ಹಲವು ಬೇಕರಿ, ಟೀ ಅಂಗಡಿಗಳಲ್ಲಿ ಕೋಡ್ ಮಾಯವಾಗಿ ‘ನಗದು ಮಾತ್ರ’ ಎಂಬ ಚೀಟಿ ನೇತಾಡಿತು.

ಅಂದಹಾಗೆ, ಈ ಚೌಕ ಕನ್ನಡವನ್ನೂ ಹಿಡಿದಿಟ್ಟುಕೊಳ್ಳುತ್ತದೆ, ಗೊತ್ತೇ! ಸ್ವಲ್ಪ ದುಬಾರಿಯಾಗಿ ಮಾತ್ರ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟ್ ಸಾಕು. ನಮ್ಮ ‘ಕ’ಕ್ಕೆ ಮೂರು ಬೇಕು, ‘ಕ್ಷ’ಕ್ಕೆ ಒಂಬತ್ತು! ಅತಿ ದೊಡ್ಡ ಕೋಡಿನಲ್ಲಿ ಹಿಡಿಯುವುದು 2,953 ಬೈಟ್. ಒಂದು ಚಿಕ್ಕ ಕಥೆಯಾದರೂ ಕೂತೀತು.

ಕೊನೆಗೊಂದು ಆಟ. ಕ್ಯೂಆರ್ ಕೋಡುಗಳಲ್ಲಿ 40 ಗಾತ್ರಗಳಿವೆ. ತೀರಾ ಚಿಕ್ಕದರ ಒಂದು ಬದಿಗೆ 21 ಮನೆ, ಆಮೇಲೆ ನಾಲ್ಕು ನಾಲ್ಕೇ ಹೆಚ್ಚುತ್ತ 25, 29, 33 ಎಂದು ಬೆಳೆದು 177ಕ್ಕೆ ನಿಲ್ಲುತ್ತದೆ. ಮನೆಯಲ್ಲಿರುವ ಔಷಧಿ ಡಬ್ಬಿಯನ್ನೋ ಮಕ್ಕಳ ಪಠ್ಯಪುಸ್ತಕವನ್ನೋ ತೆಗೆದುಕೊಂಡು, ಅದರ ಮೇಲಿನ ಕ್ಯೂಆರ್ ಕೋಡಿನ ಒಂದು ಬದಿಯ ಮನೆಗಳನ್ನು ಸೂಜಿಮೊನೆಯಲ್ಲಿ ಎಣಿಸಿ. 29 ಬಂದರೆ ಮೂರನೆಯ ಗಾತ್ರ, 33 ಬಂದರೆ ನಾಲ್ಕನೆಯದು. 30 ಬಂತೇ? ಎಣಿಕೆ ತಪ್ಪಿದೆ, ಇನ್ನೊಮ್ಮೆ ಎಣಿಸಿ.